ಹೆಜ್ಜೆ ಸಪ್ಪಳ ಯಾವ ಕಡೆಯಿಂದ? ಗೇಮಿನ ಸೌಂಡ್ ಸೆಟ್ಟಿಂಗ್ ಹೊಂದಿಸುವ ಬಗೆ

ಕೌಂಟರ್-ಸ್ಟ್ರೈಕ್ 2ರಲ್ಲಿ ಎದುರಾಳಿ ತಂಡ ಬಾಂಬ್ ಇಟ್ಟರೆ ಅದು ಸಿಡಿಯಲು 40 ಸೆಕೆಂಡ್. ಕಿಟ್ ಇದ್ದವರು 5 ಸೆಕೆಂಡಿನಲ್ಲಿ ಅದನ್ನು ನಿಷ್ಕ್ರಿಯ ಮಾಡಬಹುದು, ಕಿಟ್ ಇಲ್ಲದವರಿಗೆ 10 ಸೆಕೆಂಡ್ ಬೇಕು. ಇನ್ನೆಷ್ಟು ಹೊತ್ತು ಉಳಿದಿದೆ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಗಡಿಯಾರದ ಜಾಗದಲ್ಲಿ ಬಾಂಬಿನ ಚಿತ್ರ ಬಂದು ಕೂತಿರುತ್ತದೆ. ಆದರೆ ಕೊನೆಯ ಹತ್ತು ಸೆಕೆಂಡಿಗೆ ಬಂದಾಗ ಸಂಗೀತದ ಒಂದು ತುಣುಕು ಕೇಳಿಸುತ್ತದೆ. ಕಿಟ್ ಇಲ್ಲದವರು ಅದು ಶುರುವಾಗುವ ಮೊದಲೇ ಬಾಂಬಿಗೆ ಕೈ ಹಾಕಿರಬೇಕು. ಇಲ್ಲವಾದರೆ ದೂರ ಓಡಿ ಜೀವ, ಬಂದೂಕು ಉಳಿಸಿಕೊಳ್ಳುವುದೇ ಲೇಸು. ಈ ತುಣುಕಿಗೆ ಆಡಿಯೊ ಮೆನುವಿನಲ್ಲಿ ‘ಟೆನ್ ಸೆಕೆಂಡ್ ವಾರ್ನಿಂಗ್ ವಾಲ್ಯೂಮ್’ ಎಂಬ ಪ್ರತ್ಯೇಕ ಸ್ಲೈಡರ್ ಇದೆ. ಆಟದ ನಡುವೆ ಸಂಗೀತ ಕಿರಿಕಿರಿ ಎಂದು ಎಲ್ಲವನ್ನೂ ಸೊನ್ನೆಗೆ ಎಳೆಯುವವರು ಇದನ್ನೂ ಎಳೆದುಬಿಡುತ್ತಾರೆ.

ಹೊಸ ಗೇಮ್ ಇನ್‌ಸ್ಟಾಲ್ ಆದ ಕೂಡಲೇ ಗ್ರಾಫಿಕ್ಸ್ ಮೆನುವಿಗೆ ಹೋಗಿ ನೆರಳು, ಟೆಕ್ಸ್ಚರ್, ರೆಸಲ್ಯೂಶನ್ ಎಂದು ಗಂಟೆಗಟ್ಟಲೆ ತಿದ್ದುವ ಆಟಗಾರರು ಆಡಿಯೊ ಮೆನುವಿನಲ್ಲಿ ಮುಟ್ಟುವುದು ಮಾಸ್ಟರ್ ವಾಲ್ಯೂಮ್ ಒಂದನ್ನೇ. ಇದು ನಷ್ಟದ ಬಾಬತ್ತು. ಗ್ರಾಫಿಕ್ಸ್ ಚೆನ್ನಾಗಿ ಬರಬೇಕೆಂದರೆ ಹಣ ಕೊಟ್ಟು ಕಾರ್ಡ್ ತರಬೇಕು. ಸದ್ದಿನಲ್ಲಿ ಹಾಗಲ್ಲ, ಸಾಧಾರಣ ಹೆಡ್‌ಫೋನಿನಲ್ಲೂ ಸೆಟ್ಟಿಂಗ್ ಸರಿ ಇದ್ದರೆ ಗೋಡೆಯಾಚೆಯ ಎದುರಾಳಿ ಎಡಕ್ಕಿದ್ದಾನೋ ಹಿಂದಿದ್ದಾನೋ ತಿಳಿಯುತ್ತದೆ. ಸೆಟ್ಟಿಂಗ್ ಕೆಟ್ಟಿದ್ದರೆ ದುಬಾರಿ ಹೆಡ್‌ಸೆಟ್ ಕೂಡ ದಿಕ್ಕು ತಪ್ಪಿಸುತ್ತದೆ.

ಕಿವಿ ದಿಕ್ಕು ಹಿಡಿಯುವ ಬಗೆ

ಎಡಗಡೆಯಿಂದ ಬಂದ ಸದ್ದು ಎಡಗಿವಿಗೆ ಮೊದಲು ತಲುಪುತ್ತದೆ. ಬಲಗಿವಿಗೆ ಅದು ತಲುಪುವುದು ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡ್ ತಡವಾಗಿ. ನಡುವೆ ತಲೆ ಅಡ್ಡ ಇರುವುದರಿಂದ ಬಲಗಿವಿಯ ಸದ್ದು ತುಸು ಮಂದವಾಗಿಯೂ ಇರುತ್ತದೆ, ಅದರಲ್ಲೂ ಹೆಚ್ಚಿನ ಆವರ್ತನದ ಭಾಗ. ಮುಂದೆ-ಹಿಂದೆ, ಮೇಲೆ-ಕೆಳಗೆ ಎಂಬ ಭೇದವನ್ನು ಮುಖ್ಯವಾಗಿ ಹೊರಗಿವಿಯ ಮಡಿಕೆಗಳು ಹಿಡಿದುಕೊಡುತ್ತವೆ. ಬರುವ ದಿಕ್ಕಿಗೆ ತಕ್ಕಂತೆ ಸದ್ದಿನ ಬಣ್ಣವನ್ನು ಅವು ಬದಲಿಸುತ್ತವೆ. ಮೆದುಳು ಈ ಸಣ್ಣ ಸುಳಿವುಗಳನ್ನೆಲ್ಲ ಕೂಡಿಸಿ ದಿಕ್ಕು ನಿರ್ಧರಿಸುತ್ತದೆ.

ಇದೇ ಬದಲಾವಣೆಗಳನ್ನು ಗಣಿತದ ಮೂಲಕ ಹೆಡ್‌ಫೋನಿನ ಸದ್ದಿಗೆ ಸೇರಿಸುವ ತಂತ್ರವನ್ನು ಗೇಮ್ ಮೆನುಗಳು ಎಚ್‌ಆರ್‌ಟಿಎಫ್ ಎಂದು ಕರೆಯುತ್ತವೆ. ಕೆಲವು ಗೇಮ್‌ಗಳಲ್ಲಿ ಇದೇ ‘3ಡಿ ಆಡಿಯೊ’ ಅಥವಾ ‘3ಡಿ ಹೆಡ್‌ಫೋನ್ಸ್’ ಎಂಬ ಹೆಸರಿನಲ್ಲಿರುತ್ತದೆ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಗೆ 1.19ರಲ್ಲಿ ಬಂದ ‘ಡೈರೆಕ್ಷನಲ್ ಆಡಿಯೊ’ ಕೂಡ ಇದೇ. ಎಲ್ಲವೂ ಹೆಡ್‌ಫೋನಿಗಾಗಿ ಮಾಡಿದವು. ಸ್ಪೀಕರಿನಲ್ಲಿ ಆಡುವಾಗ ಆನ್ ಮಾಡಿದರೆ ಸದ್ದು ಟೊಳ್ಳಾಗಿ ಕೇಳುತ್ತದೆ.

ತಂತ್ರ ಹೊಸದೇನಲ್ಲ. 1990ರ ದಶಕದ ಕೊನೆಯಲ್ಲೇ ಆರಿಯಲ್ ಎಂಬ ಕಂಪನಿ ಎ3ಡಿ ಹೆಸರಿನಲ್ಲಿ ಇದನ್ನು ಸೌಂಡ್ ಕಾರ್ಡಿಗೆ ತಂದಿತ್ತು. 1998ರ ಹಾಫ್-ಲೈಫ್ ಗೇಮಿನಲ್ಲಿ ಎ3ಡಿಗೂ ಅದರ ಪ್ರತಿಸ್ಪರ್ಧಿಯಾದ ಕ್ರಿಯೇಟಿವ್ ಕಂಪನಿಯ ಇಎಎಕ್ಸ್‌ಗೂ ಬೆಂಬಲವಿತ್ತು. ಎರಡೂ ಕಂಪನಿಗಳು ಪೇಟೆಂಟಿನ ವಿಷಯದಲ್ಲಿ ಕೋರ್ಟ್ ಮೆಟ್ಟಿಲೇರಿದವು. ಆರಿಯಲ್ ಗೆದ್ದಿತು, ಆದರೆ ಖರ್ಚು ತಾಳಲಾರದೆ 2000ದಲ್ಲಿ ದಿವಾಳಿಯಾಯಿತು. ಅದರ ಆಸ್ತಿಯನ್ನು ಕೊಂಡದ್ದು ಕ್ರಿಯೇಟಿವ್. ಆಮೇಲೆ 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ಗೇಮ್‌ಗಳು ಡೈರೆಕ್ಟ್‌ಸೌಂಡ್ ಮೂಲಕ ಸೌಂಡ್ ಕಾರ್ಡಿನ ಚಿಪ್ಪನ್ನು ನೇರವಾಗಿ ಬಳಸುವ ದಾರಿಯನ್ನೇ ಮುಚ್ಚಿತು. ಅಲ್ಲಿಂದೀಚೆಗೆ ಸದ್ದಿನ ಲೆಕ್ಕಾಚಾರ ಬಹುಪಾಲು ಪ್ರೊಸೆಸರಿನ ಮೇಲೆಯೇ ನಡೆಯುತ್ತಿದೆ. ಇವತ್ತು ಗೇಮಿಂಗ್ ಸೌಂಡ್ ಕಾರ್ಡ್ ಹಾಕಿದರೆ ಫ್ರೇಮ್ ರೇಟ್ ಏರುತ್ತದೆ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಒಳ್ಳೆಯ ಕಾರ್ಡ್ ಅಥವಾ ಯುಎಸ್‌ಬಿ ಡಿಎಸಿ (ಡಿಜಿಟಲ್ ಸದ್ದನ್ನು ಅನಲಾಗ್‌ಗೆ ಬದಲಿಸುವ ಸಾಧನ) ಕೊಡುವುದು ಗುಂಯ್‌ಗುಡುವ ಗದ್ದಲವಿಲ್ಲದ, ಸ್ವಚ್ಛವಾದ ಸದ್ದನ್ನು.

ಒಂದೇ ಕಡೆ ಸಂಸ್ಕರಣೆ

ಗೇಮಿನ ಸದ್ದು ಕಿವಿಗೆ ತಲುಪುವ ಮೊದಲು ಮೂರು ಕಡೆ ಸಂಸ್ಕರಣೆಗೆ ಸಿಕ್ಕಬಹುದು: ಗೇಮಿನ ಒಳಗೆ, ವಿಂಡೋಸಿನಲ್ಲಿ, ಹೆಡ್‌ಸೆಟ್ಟಿನ ಜೊತೆ ಬಂದ ಸಾಫ್ಟ್‌ವೇರಿನಲ್ಲಿ. ಇಡೀ ವಿಷಯದಲ್ಲಿ ನೆನಪಿಡಬೇಕಾದ ಸಂಗತಿ ಒಂದಿದ್ದರೆ ಅದು ಇದೇ: ದಿಕ್ಕಿನ ಸಂಸ್ಕರಣೆ ಈ ಮೂರರಲ್ಲಿ ಒಂದು ಕಡೆ ಮಾತ್ರ ಆಗಬೇಕು. ಗೇಮ್ ಎಚ್‌ಆರ್‌ಟಿಎಫ್ ಹಾಕಿ ಕಳಿಸಿದ ಸದ್ದಿಗೆ ವಿಂಡೋಸ್ ಮತ್ತೊಮ್ಮೆ, ಹೆಡ್‌ಸೆಟ್ಟಿನ ‘7.1 ಸರೌಂಡ್’ ಇನ್ನೊಮ್ಮೆ ಹಾಕಿದರೆ, ಸೂಪು ಮಾಡಿದವರು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಉಪ್ಪು ಹಾಕಿದಂತಾಗುತ್ತದೆ. ಹೆಜ್ಜೆ ಸಪ್ಪಳ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ, ಹಿಂದಿನದೂ ಮುಂದಿನದೂ ಕಲಸಿಹೋಗುತ್ತವೆ.

7.1 ಎಂದು ಡಬ್ಬದ ಮೇಲೆ ಬರೆದಿರುವ ಹೆಡ್‌ಸೆಟ್‌ಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಕಿವಿಗೊಂದರಂತೆ ಎರಡೇ ಸ್ಪೀಕರ್. ಉಳಿದದ್ದು ಸಾಫ್ಟ್‌ವೇರಿನ ಕೆಲಸ. ಗೇಮಿನಲ್ಲೇ ಎಚ್‌ಆರ್‌ಟಿಎಫ್ ಇದ್ದರೆ ಈ ಸಾಫ್ಟ್‌ವೇರಿನ ಸರೌಂಡ್ ಬಂದ್ ಮಾಡುವುದು ಒಳ್ಳೆಯದು. ಆಟ ತಯಾರಿಸಿದವರಿಗೆ ಪ್ರತಿ ಸದ್ದು ನಕ್ಷೆಯ ಯಾವ ಬಿಂದುವಿನಲ್ಲಿ ಹುಟ್ಟಿತು ಎಂಬುದು ಗೊತ್ತಿರುತ್ತದೆ. ವಿಂಡೋಸಿಗೂ ಹೆಡ್‌ಸೆಟ್ಟಿಗೂ ಸಾಮಾನ್ಯವಾಗಿ ಸಿಗುವುದು ಅದಾಗಲೇ ಎಡ, ಬಲ, ಹಿಂದೆ ಎಂದು ಪಾಲಾಗಿ ಬಂದ ಚಾನೆಲ್‌ಗಳು. ಮೂಲದಲ್ಲಿ ಮಾಡಿದ ಲೆಕ್ಕವೇ ಹೆಚ್ಚು ನಿಖರ.

ವ್ಯಾಲರಂಟ್ ಗೇಮಿಗೆ ಎಚ್‌ಆರ್‌ಟಿಎಫ್ ಬಂದದ್ದು 2021ರ ಮಾರ್ಚಿನಲ್ಲಿ, 2.06ನೇ ಪ್ಯಾಚಿನ ಜೊತೆ. ಎಲ್ಲ ಸದ್ದಿಗೂ ಅದನ್ನು ಹಾಕದೆ, ಆರಂಭದಲ್ಲಿ ಹೆಜ್ಜೆ ಸಪ್ಪಳ, ಬಂದೂಕಿಗೆ ಗುಂಡು ತುಂಬುವ ಸದ್ದು, ಡೆತ್‌ಮ್ಯಾಚಿನ ಮರುಹುಟ್ಟಿನ ಸದ್ದು ಇಷ್ಟಕ್ಕೇ ಮೀಸಲಿಟ್ಟಿದ್ದರು. ಗೆಲುವು-ಸೋಲನ್ನು ನಿರ್ಧರಿಸುವ ಸುಳಿವುಗಳನ್ನು ಮೊದಲು ಆರಿಸಿಕೊಂಡ ಈ ಕ್ರಮ ಬುದ್ಧಿವಂತಿಕೆಯದು. ಓವರ್‌ವಾಚ್ 2016ರಲ್ಲಿ ಬಿಡುಗಡೆಯಾದಾಗಲೇ ಹೆಡ್‌ಫೋನಿನ ಡಾಲ್ಬಿ ಅಟ್ಮಾಸ್ ಅನ್ನು ಒಳಗೇ ಇಟ್ಟುಕೊಂಡಿತ್ತು. ಅದನ್ನು ಆನ್ ಮಾಡಿದವರು ವಿಂಡೋಸಿನ ಸ್ಪೇಷಿಯಲ್ ಸೌಂಡ್ ಆಫ್ ಮಾಡಿರಬೇಕು.

ಹಾಗಾದರೆ ವಿಂಡೋಸಿನ ಸೌಲಭ್ಯ ಯಾವಾಗ ಬೇಕು? ಗೇಮಿನಲ್ಲಿ ಸ್ವಂತ ಎಚ್‌ಆರ್‌ಟಿಎಫ್ ಇಲ್ಲದೆ 5.1 ಅಥವಾ 7.1 ಔಟ್‌ಪುಟ್ ಮಾತ್ರ ಇದ್ದಾಗ. ಆಗ ಗೇಮಿನಲ್ಲಿ 7.1 ಆರಿಸಿ, ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ‘ವಿಂಡೋಸ್ ಸೋನಿಕ್ ಫಾರ್ ಹೆಡ್‌ಫೋನ್ಸ್’ ಆನ್ ಮಾಡಿದರೆ ಆ ಎಂಟು ಚಾನೆಲ್‌ಗಳನ್ನು ಅದು ಎರಡು ಕಿವಿಗೆ ಹೊಂದಿಸಿ ಕೊಡುತ್ತದೆ. 2017ರಿಂದ ವಿಂಡೋಸ್ 10ರ ಜೊತೆ ಉಚಿತವಾಗಿ ಬರುತ್ತಿದೆ. ಡಾಲ್ಬಿ ಅಟ್ಮಾಸಿಗೆ ಹಣ ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಮೊದಲು ಉಚಿತವಾದದ್ದನ್ನು ಕೇಳಿ ನೋಡಿ ಆಮೇಲೆ ಆ ಕಡೆ ಯೋಚಿಸಬಹುದು.

ವಿಂಡೋಸಿನ ಒಳಗೆ ಇನ್ನೆರಡು ಜಾಗ ನೋಡಬೇಕು. ಹಳೆಯ ಸೌಂಡ್ ಕಂಟ್ರೋಲ್ ಪ್ಯಾನೆಲಿನಲ್ಲಿ ‘ಕಮ್ಯುನಿಕೇಶನ್ಸ್’ ಎಂಬ ಪುಟವಿದೆ. ಕರೆ ಬಂದಾಗ ಉಳಿದ ಸದ್ದನ್ನು ಶೇಕಡಾ 80ರಷ್ಟು ತಗ್ಗಿಸುವ ಆಯ್ಕೆ ಅಲ್ಲಿ ಮೊದಲೇ ಗುರುತಾಗಿರುತ್ತದೆ. ಗೆಳೆಯರ ಜೊತೆ ಮಾತಾಡುತ್ತ ಆಡುವಾಗ ಗೇಮಿನ ಸದ್ದು ಇದ್ದಕ್ಕಿದ್ದಂತೆ ಕುಸಿಯುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅದನ್ನು ‘ಡು ನಥಿಂಗ್’ಗೆ ಬದಲಿಸಿದರೆ ಸಮಸ್ಯೆ ಅಲ್ಲಿಗೆ ಮುಗಿಯಿತು. ಇನ್ನೊಂದು, ಸ್ಯಾಂಪಲ್ ರೇಟ್. ಹೆಚ್ಚಿನ ಗೇಮ್‌ಗಳು ಸದ್ದನ್ನು 48,000 ಹರ್ಟ್ಸ್‌ನಲ್ಲಿ ಬೆರೆಸುತ್ತವೆ; ಸಾಧನದ ಫಾರ್ಮ್ಯಾಟ್ ಕೂಡ ಅಷ್ಟೇ ಇದ್ದರೆ ನಡುವೆ ಪರಿವರ್ತನೆ ಬೇಕಾಗುವುದಿಲ್ಲ. 1,92,000ಕ್ಕೆ ಏರಿಸಿ ಯಾರೂ ಏನನ್ನೂ ಗಳಿಸುವುದಿಲ್ಲ. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. 48,000ದ ಸ್ಯಾಂಪಲ್ ರೇಟ್ 24,000 ಹರ್ಟ್ಸ್‌ವರೆಗಿನ ಸದ್ದನ್ನು ಹಿಡಿದಿಡಬಲ್ಲದು.

ಕೌಂಟರ್-ಸ್ಟ್ರೈಕ್ 2ರ ಮೆನು

ಈ ಆಟವನ್ನು ಮಾಡಿದ ವಾಲ್ವ್ ಕಂಪನಿ 2017ರಲ್ಲಿ ಸ್ಟೀಮ್ ಆಡಿಯೊ ಎಂಬ ಸೌಂಡ್ ತಂತ್ರಾಂಶವನ್ನು ಹೊರತಂದಿತು, 2024ರಲ್ಲಿ ಅದರ ಸೋರ್ಸ್ ಕೋಡನ್ನೂ ಎಲ್ಲರಿಗೆ ತೆರೆದಿಟ್ಟಿತು. ಕೌಂಟರ್-ಸ್ಟ್ರೈಕ್ 2ರ ದಿಕ್ಕಿನ ಸಂಸ್ಕರಣೆ ಅದನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ಇಲ್ಲಿ ವಿಂಡೋಸಿನದೂ ಹೆಡ್‌ಸೆಟ್ಟಿನದೂ ಸರೌಂಡ್ ಎರಡೂ ಬಂದ್ ಇರಲಿ.

ಮೆನುವಿನ ‘ಇಕ್ಯೂ ಪ್ರೊಫೈಲ್’ನಲ್ಲಿ ಮೂರು ಆಯ್ಕೆಗಳಿವೆ: ನ್ಯಾಚುರಲ್, ಕ್ರಿಸ್ಪ್, ಸ್ಮೂದ್. ಕ್ರಿಸ್ಪ್ ಹೆಚ್ಚಿನ ಆವರ್ತನವನ್ನು ಎತ್ತಿ ಹಿಡಿಯುವುದರಿಂದ ಹೆಜ್ಜೆ, ಗುಂಡು ತುಂಬುವ ಟಿಕ್ ಮುಂತಾದವು ಚುರುಕಾಗಿ ಕೇಳುತ್ತವೆ. ಆದರೆ ಹೆಡ್‌ಫೋನೇ ಮೊದಲಿಂದ ಚೂಪು ಸದ್ದಿನದಾಗಿದ್ದರೆ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. ಅಂಥವರಿಗೆ ಸ್ಮೂದ್ ಹಿತ. ಬೇಸ್ ಜಾಸ್ತಿ ಇರುವ ಅಗ್ಗದ ಇಯರ್‌ಫೋನಿಗೆ ಕ್ರಿಸ್ಪ್ ಹೊಂದುತ್ತದೆ.

‘ಎಲ್/ಆರ್ ಐಸೊಲೇಶನ್’ ಎಂಬ ಸ್ಲೈಡರ್ ಹೆಚ್ಚು ಗಮನ ಬೇಡುತ್ತದೆ. ಡಸ್ಟ್ 2 ನಕ್ಷೆಯ ಬಿ ಜಾಗದಲ್ಲಿ ಕಾವಲು ನಿಂತ ಆಟಗಾರನನ್ನು ನೆನೆಸಿಕೊಳ್ಳಬಹುದು. ಎದುರಾಳಿಗಳು ಸುರಂಗದಿಂದಲೂ ಬರಬಹುದು, ಬಾಗಿಲು ಅಥವಾ ಕಿಟಕಿಯ ಕಡೆಯಿಂದಲೂ ನುಗ್ಗಬಹುದು. ಸ್ಲೈಡರ್ 100ರಲ್ಲಿದ್ದರೆ ಎಡಗಡೆಯ ಸದ್ದು ಎಡಗಿವಿಗೆ ಬಲವಾಗಿ ಕಟ್ಟಿಬೀಳುತ್ತದೆ. ಎಡವೋ ಬಲವೋ ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ, ಆದರೆ ತುಸು ಎಡವೋ ಪೂರ್ತಿ ಎಡವೋ, ಮುಂದೆಯೋ ಹಿಂದೆಯೋ ಎಂಬ ಸೂಕ್ಷ್ಮ ಕರಗುತ್ತದೆ. ಸೊನ್ನೆಯ ಕಡೆ ಇಳಿಸಿದಷ್ಟೂ ಸದ್ದು ನಿಜದ ಲೋಕದ ಹಾಗೆ ಎರಡೂ ಕಿವಿಗೆ ಹಂಚಿಕೆಯಾಗಿ ಬರುತ್ತದೆ. ಅದನ್ನು ಓದಲು ಕಿವಿಗೆ ತುಸು ರೂಢಿ ಬೇಕು. ಮಧ್ಯದಲ್ಲಿ ಶುರುಮಾಡಿ, ಕೆಲವು ಪಂದ್ಯ ಆಡಿ, ಆಮೇಲೆ ಹೆಚ್ಚು ಕಡಿಮೆ ಮಾಡುವುದೇ ಸರಿಯಾದ ದಾರಿ. ‘ಪರ್‌ಸ್ಪೆಕ್ಟಿವ್ ಕರೆಕ್ಷನ್’ ಕೂಡ ಹೀಗೇ, ಎರಡೂ ರೀತಿ ಕೇಳಿ ನೋಡಿ ನಿರ್ಧರಿಸಬೇಕಾದದ್ದು.

ಪರೀಕ್ಷೆಗೆ ಒಂದು ಸುಲಭ ಉಪಾಯವಿದೆ. ಗೆಳೆಯನೊಬ್ಬನನ್ನು ಖಾಲಿ ನಕ್ಷೆಗೆ ಕರೆದು ಸುತ್ತ ಓಡಾಡಲು ಹೇಳುವುದು. ಕೇಳುವವನು ಕಣ್ಣು ಮುಚ್ಚಿ, ಸದ್ದು ಬಂದ ಕಡೆಗೆ ಮೌಸ್ ತಿರುಗಿಸಿ, ಕಣ್ಣು ಬಿಟ್ಟು ನೋಡುವುದು. ಶಿಫ್ಟ್ ಒತ್ತಿ ನಡೆದರೆ ಈ ಆಟದಲ್ಲಿ ಹೆಜ್ಜೆ ಕೇಳುವುದಿಲ್ಲ, ಆದ್ದರಿಂದ ಗೆಳೆಯ ಓಡಲೇಬೇಕು. ಒಮ್ಮೆಗೆ ಒಂದೇ ಸೆಟ್ಟಿಂಗ್ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುತ್ತದೆ.

ಸಂಗೀತದ ಸ್ಲೈಡರ್‌ಗಳಲ್ಲಿ ರೌಂಡ್ ಶುರುವಿನದು, ರೌಂಡಿನ ನಡುವಿನದು ಸೊನ್ನೆಗೆ ಹೋಗಲಿ, ಎಂವಿಪಿ ಸಂಗೀತವೂ. ಹತ್ತು ಸೆಕೆಂಡಿನ ಎಚ್ಚರಿಕೆ ಮಾತ್ರ ಕೇಳುವಷ್ಟು ಇರಲಿ.

ದೊಡ್ಡ ಸದ್ದು, ಸಣ್ಣ ಸದ್ದು

ರಾತ್ರಿ ಮನೆಯವರು ಮಲಗಿದ ಮೇಲೆ ಸ್ಪೀಕರಿನಲ್ಲಿ ಆಡುವವರಿಗೆ ಒಂದು ತೊಂದರೆ ಇದೆ. ಮಾತು ಕೇಳುವಷ್ಟು ವಾಲ್ಯೂಮ್ ಇಟ್ಟರೆ ಸ್ಫೋಟ ಬಂದಾಗ ಮನೆ ಎದ್ದು ಕೂರುತ್ತದೆ. ಇದಕ್ಕೆ ‘ನೈಟ್ ಮೋಡ್’ ಅಥವಾ ‘ಡೈನಮಿಕ್ ರೇಂಜ್’ ಎಂಬ ಆಯ್ಕೆಗಳಿರುತ್ತವೆ; ದೊಡ್ಡದನ್ನು ತಗ್ಗಿಸಿ ಚಿಕ್ಕದನ್ನು ಎತ್ತುತ್ತವೆ. ವಿಂಡೋಸಿನ ‘ಲೌಡ್‌ನೆಸ್ ಈಕ್ವಲೈಸೇಶನ್’ ಮಾಡುವುದೂ ಇದನ್ನೇ. ಸ್ಪರ್ಧೆಯ ಆಟದಲ್ಲಿ ಹೆಜ್ಜೆ ಜೋರಾಗಿ ಕೇಳಲೆಂದು ಹಲವರು ಇದನ್ನು ಹಾಕಿಕೊಳ್ಳುತ್ತಾರೆ. ಹೆಜ್ಜೆ ಜೋರಾಗುವುದು ನಿಜ, ಆದರೆ ಹತ್ತಿರದ್ದೂ ದೂರದ್ದೂ ಒಂದೇ ಮಟ್ಟಕ್ಕೆ ಬಂದು ಎದುರಾಳಿ ಎಷ್ಟು ದೂರದಲ್ಲಿದ್ದಾನೆ ಎಂಬ ಅಂದಾಜು ಹೋಗುತ್ತದೆ. ರಾತ್ರಿಯ ಕಥಾ ಗೇಮ್‌ಗೆ ಇದು ಬೇಕು, ಪಂದ್ಯಕ್ಕೆ ಬೇಡ.

ಡೈನಮಿಕ್ ರೇಂಜ್ ವಿಷಯದಲ್ಲಿ ಸ್ವೀಡನ್ನಿನ ಡೈಸ್ ಸಂಸ್ಥೆಯ ಕೆಲಸ ನೆನೆಯಬೇಕು. 2008ರ ಬ್ಯಾಟಲ್‌ಫೀಲ್ಡ್: ಬ್ಯಾಡ್ ಕಂಪನಿಯಿಂದ ಅವರು ಬಳಸಿದ ಎಚ್‌ಡಿಆರ್ ಆಡಿಯೊದಲ್ಲಿ, ಟ್ಯಾಂಕ್ ಗುಂಡು ಹಾರಿಸಿದ ಕ್ಷಣ ಅದರ ಮುಂದೆ ಕೇಳಲಾರದಷ್ಟು ಚಿಕ್ಕದಾದ ಸದ್ದುಗಳನ್ನು ಎಂಜಿನ್ ನುಡಿಸುವುದನ್ನೇ ಬಿಡುತ್ತದೆ. ಸ್ಫೋಟಕ್ಕೆ ಭಾರ ಬರುತ್ತದೆ, ಪ್ರೊಸೆಸರಿಗೂ ಕೆಲಸ ತಪ್ಪುತ್ತದೆ. ಗುಣಮಟ್ಟ ಹೆಚ್ಚಿಸುತ್ತಲೇ ಹೊರೆ ಇಳಿಸಿದ ಚೆಂದದ ಉದಾಹರಣೆ ಇದು.

ಸದ್ದಿನಿಂದ ಗೇಮ್ ನಿಧಾನವಾಗುತ್ತದೆಯೇ?

ಒಂದು ಕಾಲಕ್ಕೆ ಆಗುತ್ತಿತ್ತು. 1993ರ ಡೂಮ್ ಗೇಮಿನ ಸೆಟಪ್‌ನಲ್ಲಿ ಏಕಕಾಲಕ್ಕೆ ಎಷ್ಟು ಸದ್ದು ಬೆರೆಸಬೇಕು ಎಂದು 1ರಿಂದ 8ರವರೆಗೆ ಆರಿಸಬೇಕಿತ್ತು. ನಿಧಾನದ ಕಂಪ್ಯೂಟರಿನವರು ಕಡಿಮೆ ಆರಿಸುತ್ತಿದ್ದರು. 2014ರ ಟೈಟನ್‌ಫಾಲ್ ಕಥೆ ಇನ್ನೂ ರೋಚಕ. ಅದರ ಪಿಸಿ ಆವೃತ್ತಿ ಹಾರ್ಡ್ ಡಿಸ್ಕಿನಲ್ಲಿ 48 ಜಿಬಿ ಜಾಗ ಬೇಡುತ್ತಿತ್ತು, ಅದರಲ್ಲಿ 35 ಜಿಬಿ ಬರೀ ಸದ್ದು. ಕುಗ್ಗಿಸಿದ ಆಡಿಯೊ ಫೈಲನ್ನು ಆಟದ ನಡುವೆ ಬಿಚ್ಚುವುದಕ್ಕೆ ಪ್ರೊಸೆಸರಿನ ಸಮಯ ಬೇಕು. ಎರಡು ಕೋರಿನ ಕಂಪ್ಯೂಟರುಗಳಲ್ಲಿ ಒಂದು ಕೋರಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ ಎಂದು ತಯಾರಕರಾದ ರೆಸ್ಪಾನ್ ಸಂಸ್ಥೆಯವರು ಸದ್ದನ್ನು ಕುಗ್ಗಿಸದೆಯೇ ಕೊಟ್ಟಿದ್ದರು. ಡಿಸ್ಕ್ ಜಾಗ ಕೊಟ್ಟು ಫ್ರೇಮ್ ರೇಟ್ ಕೊಂಡ ವ್ಯವಹಾರ.

ಆರು, ಎಂಟು ಕೋರುಗಳ ಈಗಿನ ಪ್ರೊಸೆಸರಿನಲ್ಲಿ ಸದ್ದಿನ ಲೆಕ್ಕ ತನ್ನ ಪಾಡಿಗೆ ಪ್ರತ್ಯೇಕವಾಗಿ ನಡೆಯುತ್ತದೆ. ಆಡಿಯೊ ಗುಣಮಟ್ಟವನ್ನು ‘ಲೋ’ ಮಾಡಿ ಫ್ರೇಮ್ ರೇಟ್ ಏರಿಸಲು ಹೊರಟವರಿಗೆ ಸಿಗುವುದು ಅತಿ ಕಡಿಮೆ. ಹಳೆಯ ಎರಡು ಕೋರಿನ ಲ್ಯಾಪ್‌ಟಾಪ್ ಇದ್ದು, ಗೇಮಿನಲ್ಲಿ ಸೌಂಡ್ ಚಾನೆಲ್ ಸಂಖ್ಯೆ ಅಥವಾ ಪ್ರತಿಧ್ವನಿಯ ಗುಣಮಟ್ಟ ಇಳಿಸುವ ಆಯ್ಕೆ ಇದ್ದರೆ ಮಾತ್ರ ಪ್ರಯತ್ನಿಸಬಹುದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಅಂಥ ಚಾನೆಲ್ ಆಯ್ಕೆ ಇದೆ.

ನಿಜವಾಗಿ ಕಾಡುವ ಕಾರ್ಯಕ್ಷಮತೆಯ ತೊಂದರೆ ಬೇರೆ: ಸದ್ದು ಚಟಪಟ ಎಂದು ಒಡೆಯುವುದು. ಸದ್ದು ತುಂಡು ತುಂಡಾಗಿ ಬಫರಿಗೆ ತುಂಬುತ್ತದೆ. 48,000 ಹರ್ಟ್ಸ್‌ನಲ್ಲಿ 512 ಸ್ಯಾಂಪಲ್‌ಗಳ ಒಂದು ಬಫರ್ ಸುಮಾರು 10.7 ಮಿಲಿಸೆಕೆಂಡಿನದು. ಅದು ಖಾಲಿಯಾಗುವ ಮೊದಲು ಮುಂದಿನದು ತಯಾರಾಗದಿದ್ದರೆ ನಡುವೆ ಖಾಲಿ ಬಿದ್ದು ಚಟ್ ಎನ್ನುತ್ತದೆ. ಗೇಮ್ ಪ್ರೊಸೆಸರನ್ನು ಪೂರ್ತಿ ನುಂಗಿದಾಗ ಹೀಗಾಗುತ್ತದೆ. ಫ್ರೇಮ್ ರೇಟಿಗೆ ಮಿತಿ ಹಾಕುವುದು ಇದಕ್ಕೆ ಒಳ್ಳೆಯ ಮದ್ದು. 60 ಹರ್ಟ್ಸ್ ಪರದೆಯ ಲ್ಯಾಪ್‌ಟಾಪಿನಲ್ಲಿ ಗೇಮ್ 200 ಫ್ರೇಮ್ ಓಡಿಸುತ್ತ ಸದ್ದು ಒಡೆಯುತ್ತಿದ್ದರೆ, 120ಕ್ಕೆ ಕಟ್ಟಿ ನೋಡಬೇಕು.

ಪ್ರೊಸೆಸರ್ ಬಿಡುವಾಗಿದ್ದರೂ ಸದ್ದು ಒಡೆದರೆ ಅನುಮಾನ ಡ್ರೈವರ್ ಕಡೆ ಹೋಗಬೇಕು. ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಸ್ವಲ್ಪ ಹೊತ್ತು ಓಡಿಸಿದರೆ ಯಾವ ಡ್ರೈವರ್ ಉಳಿದವುಗಳನ್ನು ಕಾಯಿಸುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ. ವೈಫೈ ಡ್ರೈವರ್ ಸಿಕ್ಕಿಬೀಳುವುದು ಅಪರೂಪವಲ್ಲ. ಅದನ್ನು ಅಪ್‌ಡೇಟ್ ಮಾಡುವುದು, ಲ್ಯಾಪ್‌ಟಾಪನ್ನು ಬ್ಯಾಟರಿ ಉಳಿಸುವ ಸ್ಥಿತಿಯಿಂದ ಹೊರತರುವುದು, ಯುಎಸ್‌ಬಿ ಹೆಡ್‌ಸೆಟ್ಟನ್ನು ಹಬ್ಬಿನಿಂದ ಬಿಡಿಸಿ ನೇರವಾಗಿ ಚುಚ್ಚುವುದು ಮುಂದಿನ ಹೆಜ್ಜೆಗಳು.

ಬ್ಲೂಟೂತಿನ ಕಥೆಯೇ ಬೇರೆ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡಿನಷ್ಟು ತಡವಾಗಿ ಬರುತ್ತದೆ. ಸಿನಿಮಾ ಪ್ಲೇಯರ್ ಚಿತ್ರವನ್ನು ತಡೆದು ಅದನ್ನು ಸರಿದೂಗಿಸಬಲ್ಲದು, ಗೇಮಿಗೆ ಆ ಅವಕಾಶವಿಲ್ಲ. ಮೇಲಾಗಿ ಅದರ ಮೈಕ್ ಆನ್ ಆದ ಕೂಡಲೇ ಹಳೆಯ ಹ್ಯಾಂಡ್ಸ್-ಫ್ರೀ ಪ್ರೊಫೈಲಿಗೆ ಜಾರಿ ಸದ್ದು ಫೋನ್ ಕರೆಯ ಹಾಗೆ ಮೋನೊ ಆಗಿಬಿಡುತ್ತದೆ, ಸ್ಯಾಂಪಲ್ ರೇಟ್ 8,000 ಅಥವಾ 16,000ಕ್ಕೆ ಬೀಳುತ್ತದೆ. ದಿಕ್ಕಂತೂ ಪೂರ್ತಿ ಹೋಯಿತು. ತಂತಿ ಹೆಡ್‌ಫೋನ್ ಅಥವಾ 2.4 ಗಿಗಾಹರ್ಟ್ಸ್ ಡಾಂಗಲ್ ಇರುವ ಹೆಡ್‌ಸೆಟ್ ಬಳಸಿದರೆ ಎರಡೂ ತೊಂದರೆ ಇಲ್ಲ. ಬ್ಲೂಟೂತೇ ಗತಿ ಎಂದಾದರೆ, ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿ ಹೆಡ್‌ಫೋನನ್ನು ಕೇಳಲು ಮಾತ್ರ ಇಟ್ಟುಕೊಳ್ಳಬಹುದು.

ಬೆಂಗಳೂರಿನ ಪಿಜಿ ಕೋಣೆಯಲ್ಲೋ ಹುಬ್ಬಳ್ಳಿಯ ಬೇಸಿಗೆಯಲ್ಲೋ ಆಡುವವರ ಮೈಕಿಗೆ ಫ್ಯಾನಿನ ಸದ್ದು ತಪ್ಪಿದ್ದಲ್ಲ. ಅದನ್ನು ಅಳಿಸುವ ತಂತ್ರಾಂಶಗಳಿಗೂ ಕಾರ್ಯಕ್ಷಮತೆಯ ಬೆಲೆ ತೆರಬೇಕು. ಎನ್‌ವಿಡಿಯಾ ಬ್ರಾಡ್‌ಕಾಸ್ಟ್ ಗ್ರಾಫಿಕ್ಸ್ ಕಾರ್ಡನ್ನು ಬಳಸುತ್ತದೆ, ಮಾತಿನ ಆ್ಯಪ್ ಡಿಸ್ಕಾರ್ಡಿನಲ್ಲಿರುವ ಕ್ರಿಸ್ಪ್ (Krisp) ಪ್ರೊಸೆಸರನ್ನು. ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತಿರುವಲ್ಲಿ ಎರಡನೆಯದು, ಪ್ರೊಸೆಸರ್ ಹಳೆಯದಾದಲ್ಲಿ ಮೊದಲನೆಯದು ಸೂಕ್ತ. ಎರಡನ್ನೂ ಒಟ್ಟಿಗೆ ಹಾಕಿದರೆ ಮಾತೇ ತುಂಡಾಗುತ್ತದೆ. ಮೈಕನ್ನು ಬಾಯಿಯ ಹತ್ತಿರ ತಂದು, ಕೀ ಒತ್ತಿದಾಗ ಮಾತ್ರ ಮಾತಾಡುವ ಪುಶ್-ಟು-ಟಾಕ್ ಇಟ್ಟರೆ ಎಷ್ಟೋ ಸಲ ಯಾವುದೂ ಬೇಕಾಗುವುದಿಲ್ಲ.

ವಾಲ್ಯೂಮ್ ವಿಷಯದಲ್ಲಿ ಒಂದು ಲೆಕ್ಕ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ಆ ಮಿತಿ ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಹೆಜ್ಜೆ ಕೇಳಲೆಂದು ವಾಲ್ಯೂಮ್ ಏರಿಸುವವರಿಗೆ ಬಂದೂಕಿನ ಸದ್ದು ಅದರ ಎಷ್ಟೋ ಪಟ್ಟು ಜೋರಾಗಿ ಬಡಿಯುತ್ತಿರುತ್ತದೆ. ಸಂಗೀತ ತಗ್ಗಿಸಿ, ಇಕ್ಯೂ ಬದಲಿಸಿ, ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಹೆಜ್ಜೆಯನ್ನು ಹುಡುಕಬೇಕು. ಮಾಸ್ಟರ್ ವಾಲ್ಯೂಮ್ ಕೊನೆಯ ಉಪಾಯ.

ಒಂದೇ ಕಿವಿ ಕೇಳುವವರಿಗೆ ವಿಂಡೋಸಿನಲ್ಲಿ ‘ಮೋನೊ ಆಡಿಯೊ’ ಇದೆ. ಎರಡೂ ಕಡೆಯ ಸದ್ದು ಆ ಕಿವಿಗೇ ಸಿಗುತ್ತದೆ. ಅದರಿಂದ ದಿಕ್ಕು ಹೋಗುತ್ತದೆ, ಆದರೆ ಕೆಲವು ಗೇಮ್‌ಗಳು ಅದನ್ನು ಕಣ್ಣಿಗೆ ಕೊಡುತ್ತವೆ. ಫೋರ್ಟ್‌ನೈಟಿನ ‘ವಿಷುಯಲೈಸ್ ಸೌಂಡ್ ಎಫೆಕ್ಟ್ಸ್’ ಹೆಜ್ಜೆ, ಗುಂಡು, ಪೆಟ್ಟಿಗೆ ಯಾವ ಕಡೆ ಎಂದು ಪರದೆಯ ನಡುವಿನ ವೃತ್ತದಲ್ಲಿ ತೋರಿಸುತ್ತದೆ. ಮೈನ್‌ಕ್ರಾಫ್ಟಿನ ಸಬ್‌ಟೈಟಲ್ ಸದ್ದಿನ ಹೆಸರಿನ ಪಕ್ಕ ಬಾಣದ ಗುರುತು ಹಾಕುತ್ತದೆ. ಇದಕ್ಕೆ ತಿರುವುಮುರುವಾದ ಸೌಲಭ್ಯ 2023ರ ಫೋರ್ಜಾ ಮೋಟರ್‌ಸ್ಪೋರ್ಟಿನಲ್ಲಿದೆ. ದೃಷ್ಟಿ ಇಲ್ಲದವರಿಗಾಗಿ ರೂಪಿಸಿದ ‘ಬ್ಲೈಂಡ್ ಡ್ರೈವಿಂಗ್ ಅಸಿಸ್ಟ್ಸ್’ ತಿರುವು ಯಾವ ಕಡೆ, ಬ್ರೇಕ್ ಯಾವಾಗ, ಗೇರ್ ಯಾವಾಗ ಬದಲಿಸಬೇಕು ಎಂಬುದನ್ನೆಲ್ಲ ಬೇರೆ ಬೇರೆ ಸದ್ದಿನಲ್ಲಿ ಹೇಳುತ್ತದೆ. ಬೇಕಾದ ಸೂಚನೆಗಳನ್ನಷ್ಟೇ ಆನ್ ಮಾಡಿ, ವಾಲ್ಯೂಮ್ ಹೊಂದಿಸಿಕೊಂಡು ರೇಸಿಗೆ ಇಳಿಯಬಹುದು.